ಯಂತ್ರ ಬರುತ್ತದೆ, ಕೈಸೂಜಿ ಬರುವುದಿಲ್ಲ: ಎಲ್ಲಿಂದ ಆರಂಭಿಸಲಿ?

ಪ್ರಶ್ನೆ: ನನಗೆ ನಲವತ್ತನಾಲ್ಕು ವರ್ಷ. ಟೈಲರಿಂಗ್ ತರಗತಿಗೆ ಹೋಗಿ ಬ್ಲೌಸು, ಚೂಡಿದಾರ, ಮಕ್ಕಳ ಫ್ರಾಕು ಹೊಲಿಯುವುದನ್ನು ಕಲಿತಿದ್ದೇನೆ. ಮನೆಯಲ್ಲಿ ಯಂತ್ರವೂ ಇದೆ. ಅಳತೆ ಸರಿಯಾಗಿಯೇ ಕೂರುತ್ತದೆ. ಆದರೂ ನಾನು ಹೊಲಿದದ್ದನ್ನು ನೋಡಿದವರಿಗೆ ಅದು ಮನೆಯಲ್ಲಿ ಹೊಲಿದದ್ದೆಂದು ಕೂಡಲೇ ತಿಳಿದುಬಿಡುತ್ತದೆ. ನಮ್ಮ ಅಜ್ಜಿ ಕೈಯಲ್ಲೇ ಹೊಲಿದ ಕುಲಾವಿಯೊಂದು ಮನೆಯಲ್ಲಿದೆ. ಅದರ ಅಂಚಿನ ಹೊಲಿಗೆ ಹುಡುಕಿದರೂ ಕಾಣುವುದಿಲ್ಲ. ಅಂಥ ನಯವಾದ ಕೈಹೊಲಿಗೆಯನ್ನು ಈ ವಯಸ್ಸಿನಲ್ಲಿ ಕಲಿಯಬಹುದೇ? ಏನೇನು ಕೊಳ್ಳಬೇಕು, ಯಾವುದರಿಂದ ಶುರು ಮಾಡಬೇಕು, ಇಡೀ ಉಡುಪನ್ನು ಕೈಯಲ್ಲೇ ಹೊಲಿಯಬೇಕೇ? ಇತ್ತೀಚೆಗೆ ಓದುವ ಕನ್ನಡಕವೂ ಬಂದಿದೆ.
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಇಡೀ ಉಡುಪನ್ನು ಕೈಯಲ್ಲೇ ಹೊಲಿಯಬೇಕೇ ಎಂಬ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದ ಉತ್ತರಗಳೆಲ್ಲ ಅದರ ಮೇಲೆ ನಿಂತಿವೆ. ಹೊಲಿಯಬೇಕಾಗಿಲ್ಲ. ಐಸಾಕ್ ಸಿಂಗರ್ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ಆ ಕಾಲಕ್ಕಿಂತ ಮುಂಚೆ ಅರಸನ ನಿಲುವಂಗಿಯಾಗಲಿ ರೈತನ ಅಂಗಿಯಾಗಲಿ ಸಿದ್ಧವಾಗುತ್ತಿದ್ದದ್ದು ಬಹುಮಟ್ಟಿಗೆ ಕೈಸೂಜಿಯಿಂದಲೇ. ಆದರೆ ಯಂತ್ರ ಬಂದ ಮೇಲೆ ಪ್ಯಾರಿಸ್ಸಿನ ಅತಿ ದುಬಾರಿ ಉಡುಪಿನ ಮನೆಗಳಲ್ಲಿಯೂ ಉದ್ದನೆಯ ನೇರ ಹೊಲಿಗೆಗಳನ್ನು ಯಂತ್ರಕ್ಕೆ ಬಿಟ್ಟುಕೊಟ್ಟು, ಅಂಚು, ತೋಳು, ಒಳಪದರ, ಕಾಜಾ (ಗುಂಡಿ ತೂರಿಸುವ ಸೀಳು), ಹುಕ್ಕುಗಳನ್ನು ಕೈಗೆ ಉಳಿಸಿಕೊಂಡಿದ್ದಾರೆ. ನೀವೂ ಹಾಗೆಯೇ ಮಾಡಿ. ಬ್ಲೌಸಿನ ಪಕ್ಕದ ಹೊಲಿಗೆಯನ್ನು ಕೈಯಲ್ಲಿ ಹಾಕುವುದರಿಂದ ಅಂದವೇನೂ ಹೆಚ್ಚುವುದಿಲ್ಲ. ತೋಳಿನ ಅಂಚನ್ನು ಯಂತ್ರದಲ್ಲಿ ಮಡಿಸಿ ಹೊಲಿದರೆ ಮಾತ್ರ ಅಂದ ಖಂಡಿತ ಕೆಡುತ್ತದೆ.

ಏಕೆ ಕೆಡುತ್ತದೆ ಎಂಬುದು ತಿಳಿದರೆ ಎಲ್ಲಿ ಯಂತ್ರ, ಎಲ್ಲಿ ಕೈ ಎಂಬುದನ್ನು ನೀವೇ ನಿರ್ಧರಿಸಬಲ್ಲಿರಿ. ಯಂತ್ರದಲ್ಲಿ ಮೇಲಿನ ದಾರವೂ ಬಾಬಿನ್ನಿನ ದಾರವೂ ಬಟ್ಟೆಯ ನಡುವೆ ಒಂದನ್ನೊಂದು ಸಿಕ್ಕಿಸಿಕೊಳ್ಳುತ್ತವೆ. ಆದ್ದರಿಂದ ಸೂಜಿ ಪ್ರತಿ ಸಲವೂ ಎಲ್ಲ ಪದರಗಳನ್ನು ತೂರಿ ಹೋಗಲೇಬೇಕು, ಹೊಲಿಗೆಯ ಗೆರೆ ಹೊರಮುಖದಲ್ಲಿ ಕಾಣಲೇಬೇಕು. ಇದರ ಜೊತೆಗೆ ಕೆಳಗಿನ ಹಲ್ಲುಗಳು ಕೆಳಪದರವನ್ನು ಮುಂದಕ್ಕೆ ತಳ್ಳುತ್ತಿರುವಾಗ ಮೇಲಿನ ಪಾದ ಮೇಲ್ಪದರವನ್ನು ಅದುಮಿ ಹಿಡಿದಿರುತ್ತದೆ. ಜಾರುವ ರೇಷ್ಮೆಯಲ್ಲಿ, ಓರೆಯಾಗಿ ಕತ್ತರಿಸಿದ ತುಂಡಿನಲ್ಲಿ ಎರಡು ಪದರಗಳು ಒಂದೇ ವೇಗದಲ್ಲಿ ಸಾಗದೆ ಸುಕ್ಕು ಬೀಳುವುದು ಇದರಿಂದಲೇ. ಕೈಸೂಜಿಗೆ ಈ ಕಟ್ಟುಪಾಡುಗಳಿಲ್ಲ. ಹೊರಬಟ್ಟೆಯ ಒಂದೇ ಒಂದು ಎಳೆಯನ್ನು ಎತ್ತಿಕೊಂಡು ಮುಂದೆ ಹೋಗಲು, ಎಲ್ಲಿ ಬಿಗಿ ಬೇಕೋ ಅಲ್ಲಿ ಬಿಗಿದು ಎಲ್ಲಿ ಸಡಿಲ ಬೇಕೋ ಅಲ್ಲಿ ಸಡಿಲಿಸಲು ಅದಕ್ಕೆ ಸಾಧ್ಯ. ನಿಮ್ಮ ಬಟ್ಟೆಯನ್ನು ಕಂಡವರಿಗೆ ಅದು ಮನೆಯ ಹೊಲಿಗೆ ಎಂದು ತಿಳಿಯುವುದು ಹೆಚ್ಚಾಗಿ ಮೂರು ಕಡೆ: ಯಂತ್ರದ ಗೆರೆ ಎದ್ದು ಕಾಣುವ ಅಂಚು, ಭುಜದ ಬಳಿ ಸುಕ್ಕುಗಟ್ಟಿದ ತೋಳು, ಹೊಲಿದಾದ ಮೇಲೆ ಒಂದೇ ಸಲ ಹಾಕಿದ ಇಸ್ತ್ರಿ. ಈ ಮೂರನ್ನೂ ಸರಿಪಡಿಸುವುದು ಕಲಿತದ್ದೇ ಆದರೆ ನೀವು ಕೇಳುತ್ತಿರುವ ನಯ ಅರ್ಧಕ್ಕಿಂತ ಹೆಚ್ಚು ಬಂದಂತೆ.

ಇಲ್ಲೊಂದು ಮಾತು. ಈಗ ಮದುವೆಯ ಬ್ಲೌಸುಗಳಿಗೆ ಸಾವಿರಾರು ರೂಪಾಯಿಯ ಆರಿ ಕೆಲಸ ಮಾಡಿಸುವುದು ಸಾಮಾನ್ಯವಾಗಿದೆ. ಮಣಿ, ಜರಿ, ಕುಂದಣಗಳೆಲ್ಲ ತುಂಬಿದ ಆ ಬ್ಲೌಸಿನ ಒಳಗನ್ನು ತಿರುಗಿಸಿ ನೋಡಿದರೆ ಕಂಕುಳಿನ ಎಳೆಗಳು ಕಿತ್ತುಬರುತ್ತಿರುತ್ತವೆ, ಕುತ್ತಿಗೆಯ ಪಟ್ಟಿ ಸೊಟ್ಟಗಿರುತ್ತದೆ. ಅಲಂಕಾರದಿಂದ ಅಂದವನ್ನು ಕೊಂಡುಕೊಳ್ಳಬಹುದೆಂಬ ಭ್ರಮೆಗೆ ನೀವು ಬೀಳಬೇಡಿ. ಏನೂ ಕಸೂತಿಯಿಲ್ಲದ, ಒಂದೇ ಬಣ್ಣದ ಒಂದು ಬ್ಲೌಸನ್ನು ಚೊಕ್ಕವಾಗಿ ಮುಗಿಸುವುದು ಅದಕ್ಕಿಂತ ಕಷ್ಟ.

ಕೊಳ್ಳಬೇಕಾದದ್ದು ತೀರ ಕಡಿಮೆ. ಪೆಟ್ಟಿಗೆಯಲ್ಲಿ ಹತ್ತಾರು ಬಣ್ಣದ ದಾರಗಳನ್ನು ಜೋಡಿಸಿ ಮಾರುವ ಸೆಟ್ಟುಗಳು ಬೇಡ. ಅವುಗಳ ಸೂಜಿ ದಪ್ಪ, ದಾರ ಪೊಳ್ಳು. ಶಾರ್ಪ್ಸ್ ಎಂದು ಕರೆಯುವ ಸಾಮಾನ್ಯ ಕೈಹೊಲಿಗೆ ಸೂಜಿಗಳಲ್ಲಿ 9 ಮತ್ತು 10ನೇ ನಂಬರಿನವನ್ನು ತನ್ನಿ. ಸೂಜಿಯ ನಂಬರು ಹೆಚ್ಚಿದಷ್ಟೂ ಸೂಜಿ ತೆಳುವಾಗುತ್ತದೆ. ಪಾಪ್ಲಿನ್, ಕೇಂಬ್ರಿಕ್‌ಗಳಿಗೆ 9, ಮಲ್, ವಾಯಲ್ ಮತ್ತು ತೆಳು ರೇಷ್ಮೆಗೆ 10. ಸೂಜಿ ಸರಿಯೇ ಎಂದು ತಿಳಿಯಲು ಬಟ್ಟೆಯ ಮೂಲೆಯಲ್ಲಿ ಒಮ್ಮೆ ಚುಚ್ಚಿ ತೆಗೆದು ಆ ಜಾಗವನ್ನು ಉಗುರಿನಿಂದ ಮೆಲ್ಲಗೆ ಉಜ್ಜಿ: ತೂತು ಮುಚ್ಚಿಕೊಂಡರೆ ಸರಿ, ಉಳಿದರೆ ಸೂಜಿ ದಪ್ಪ. ಹತ್ತಿ ಬಟ್ಟೆಗೆ ಹತ್ತಿಯ ದಾರ, ರೇಷ್ಮೆಗೆ ಸಿಕ್ಕಿದರೆ ರೇಷ್ಮೆ ದಾರ, ಇಲ್ಲವಾದರೆ ತೆಳುವಾದ ಪಾಲಿಯೆಸ್ಟರ್. ಬಟ್ಟೆಗಿಂತ ದಾರ ಗಟ್ಟಿಯಾಗಿರಬಾರದು. ಹಾಗಿದ್ದರೆ ಎಳೆತ ಬಿದ್ದಾಗ ದಾರ ಉಳಿದು ಬಟ್ಟೆಯೇ ಹರಿಯುತ್ತದೆ, ಮತ್ತು ಹರಿದ ಬಟ್ಟೆಗೆ ಮದ್ದಿಲ್ಲ. ಬಣ್ಣ ನಿಖರವಾಗಿ ಹೊಂದದಿದ್ದರೆ ಒಂದು ಛಾಯೆ ಗಾಢವಾದದ್ದನ್ನು ಆರಿಸಿ, ಏಕೆಂದರೆ ರೀಲಿನಲ್ಲಿ ಗಾಢವಾಗಿ ಕಾಣುವ ದಾರ ಬಟ್ಟೆಯ ಮೇಲೆ ಒಂಟಿ ಎಳೆಯಾದಾಗ ತಿಳಿಯಾಗಿ ಕಾಣುತ್ತದೆ. ಇವುಗಳ ಜೊತೆಗೆ ಜೇನುಮೇಣದ ಒಂದು ತುಂಡು, ಮೊನೆ ಚೂಪಾದ ಸಣ್ಣ ಕತ್ತರಿ, ತೆಳು ಗುಂಡುಸೂಜಿಗಳು ಮತ್ತು ನಡುಬೆರಳಿಗೆ ಹಾಕುವ ಲೋಹದ ಥಿಂಬಲ್ ಸಾಕು. ಥಿಂಬಲ್ ಮೊದಲ ವಾರ ಅಡ್ಡಿಯೆನಿಸುತ್ತದೆ. ಆದರೂ ಬಿಡಬೇಡಿ, ಏಕೆಂದರೆ ಬೆರಳಿನ ತುದಿಯಿಂದ ತಳ್ಳುವವರು ನೋವಿಗೆ ಹೆದರಿ ಸೂಜಿಯನ್ನು ಓರೆಯಾಗಿ ಹಿಡಿಯುವುದನ್ನು ರೂಢಿ ಮಾಡಿಕೊಳ್ಳುತ್ತಾರೆ, ಆಮೇಲೆ ಅದನ್ನು ಬಿಡಿಸುವುದು ಕಷ್ಟ.

ದಾರವನ್ನು ಬೆರಳ ತುದಿಯಿಂದ ಮೊಣಕೈವರೆಗಿನಷ್ಟು, ಅಂದರೆ ಸುಮಾರು 45 ಸೆಂಟಿಮೀಟರ್, ಮಾತ್ರ ತೆಗೆದುಕೊಳ್ಳಿ. ಮತ್ತೆ ಮತ್ತೆ ಪೋಣಿಸುವ ಬೇಸರಕ್ಕೆ ಮಾರುದ್ದ ದಾರ ತೆಗೆಯುವವರೇ ಹೆಚ್ಚು. ಆ ದಾರ ಬಟ್ಟೆಯೊಳಗೆ ನೂರಾರು ಸಲ ಉಜ್ಜಿ ಜುಂಗೇಳುತ್ತದೆ, ಸುರುಳಿ ಸುತ್ತಿ ಗಂಟಾಗುತ್ತದೆ. ಹತ್ತಿಯ ದಾರವನ್ನು ಮೇಣದ ಮೇಲೆ ಎಳೆದು, ಕಾಗದದ ನಡುವೆ ಇಟ್ಟು ಇಸ್ತ್ರಿ ಪೆಟ್ಟಿಗೆಯನ್ನು ಒಮ್ಮೆ ಹಾಯಿಸಿದರೆ ಮೇಣ ಎಳೆಯೊಳಗೆ ಇಳಿದು ದಾರ ನೇರವಾಗಿ ನಿಲ್ಲುತ್ತದೆ. ಹೊಲಿಯುವಾಗ ದಾರ ತಿರುಚಿಕೊಂಡರೆ ಬಟ್ಟೆಯನ್ನು ಎತ್ತಿ ಹಿಡಿದು ಸೂಜಿಯನ್ನು ತೂಗುಬಿಡಿ. ಅದು ತಾನಾಗಿ ಸುತ್ತಿ ತಿರುಚು ಬಿಡುತ್ತದೆ.

ಇನ್ನು ಹೊಲಿಗೆಗಳು. ಪುಸ್ತಕಗಳಲ್ಲಿ ಹತ್ತಾರು ಹೊಲಿಗೆಗಳ ಚಿತ್ರಗಳಿರುತ್ತವೆ. ಉಡುಪಿಗೆ ನಿಜವಾಗಿ ಬೇಕಾದವು ಸಾದಾ ಓಟದ ಹೊಲಿಗೆ, ಹಿಂದೆ ಬಂದು ಮುಂದೆ ಹೋಗುವ ಬ್ಯಾಕ್ ಸ್ಟಿಚ್, ಮಡಿಸಿದ ಅಂಚನ್ನು ಬಟ್ಟೆಗೆ ಕೂಡಿಸುವ ಹೆಮ್ಮಿಂಗ್, ಮತ್ತು ಕಾಜಾ ಹೊಲಿಗೆ. ಉಳಿದವು ಇವುಗಳ ಸಂತಾನ. ಇವನ್ನು ಚಿಂದಿಯ ಮೇಲೆ ಸಾಲು ಸಾಲಾಗಿ ಹಾಕಿ ಕಲಿಯುವುದಕ್ಕಿಂತ, ಪ್ರತಿಯೊಂದನ್ನೂ ಬಳಕೆಗೆ ಬರುವ ಒಂದು ವಸ್ತುವಿನಲ್ಲಿ ಕಲಿಯಿರಿ. ಬಳಸುವ ವಸ್ತು ಒಗೆತಕ್ಕೆ ಬೀಳುತ್ತದೆ, ಒಗೆತದಲ್ಲಿ ಹೊಲಿಗೆಯ ತಪ್ಪು ಬಯಲಾಗುತ್ತದೆ.

ಓಟದ ಹೊಲಿಗೆಗೆ ನಿಮ್ಮ ಕಡೆಯಲ್ಲೇ ಒಳ್ಳೆಯ ಶಾಲೆಯಿದೆ: ಕೌದಿ. ಹಳೆಯ ಸೀರೆಗಳನ್ನು ಪದರವಾಗಿ ಹಾಸಿ ಸಮಾನಾಂತರ ಸಾಲುಗಳಲ್ಲಿ ಹೊಲಿಯುವ ಈ ಕೆಲಸದಲ್ಲಿ ಓಟದ ಹೊಲಿಗೆಯೊಂದನ್ನು ಬಿಟ್ಟು ಬೇರೇನೂ ಇಲ್ಲ. ಯಲ್ಲಾಪುರ, ಹಳಿಯಾಳ ಸೀಮೆಯ ಸಿದ್ದಿ ಮಹಿಳೆಯರ ಕೌದಿಗಳನ್ನು ನೋಡಿದರೆ, ಹೊರ ಅಂಚಿನಿಂದ ಸುತ್ತುತ್ತ ಒಳಕ್ಕೆ ಬರುವ ಆ ಸಾಲುಗಳಲ್ಲಿ ಕೈಯ ಲಯ ಹೇಗಿರಬೇಕೆಂಬುದು ತಿಳಿಯುತ್ತದೆ. ನೀವು ತೊಟ್ಟಿಲಿನಷ್ಟು ದೊಡ್ಡದೊಂದು ಪುಟ್ಟ ಕೌದಿಯನ್ನು, ಮೇಲ್ಪದರಕ್ಕೆ ಸಣ್ಣ ಚೌಕಳಿಯ ಬಟ್ಟೆ ಹಾಕಿಕೊಂಡು ಆರಂಭಿಸಿ. ಚೌಕಳಿಯ ಗೆರೆಯೇ ಅಳತೆಪಟ್ಟಿಯಾಗುತ್ತದೆ. ಬಲಗೈಯ ಸೂಜಿಯನ್ನು ಹೆಚ್ಚು ಅಲುಗಿಸದೆ, ಎಡಗೈಯಿಂದ ಬಟ್ಟೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ ಸೂಜಿಯ ಮೇಲೆ ಮೂರು ನಾಲ್ಕು ಹೊಲಿಗೆಗಳನ್ನು ತುಂಬಿಸಿ, ಆಮೇಲೆ ಒಮ್ಮೆಗೇ ಎಳೆಯಿರಿ. ದಪ್ಪ ಪದರಗಳಲ್ಲಿ ಇಂಚಿಗೆ ಐದಾರು ಹೊಲಿಗೆ ಬಂದರೆ ಸಾಕು; ಅದೇ ಕೈ ಒಂಟಿ ಪದರದ ಮಲ್ ಬಟ್ಟೆಗೆ ಬಂದಾಗ ಹತ್ತು ಹನ್ನೆರಡಕ್ಕೆ ಬರುತ್ತದೆ. ಹೊಲಿಗೆಯ ಉದ್ದವೂ ನಡುವಿನ ಖಾಲಿಯೂ ಒಂದೇ ಆಗಿರಬೇಕು, ಮುಂದೆಯೂ ಹಿಂದೆಯೂ.

ಕಣ್ಣು ಎಳೆಗಳನ್ನು ಎಣಿಸುವುದಕ್ಕೆ ಒಗ್ಗಲಿ ಎಂದಾದರೆ ಧಾರವಾಡದ ಕಸೂತಿಯಿಂದ ಗವಂತಿಯೊಂದನ್ನು ಎರವಲು ಪಡೆಯಿರಿ. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂಬ ನಾಲ್ಕರಲ್ಲಿ ಗವಂತಿ ಎಂದರೆ ಎಳೆ ಎಣಿಸಿಕೊಂಡು ಹೋಗಿ, ಅದೇ ದಾರಿಯಲ್ಲಿ ಹಿಂತಿರುಗುತ್ತ ಬಿಟ್ಟ ಜಾಗಗಳನ್ನು ತುಂಬುವ ಹೊಲಿಗೆ. ಗಂಟು ಹಾಕುವಂತಿಲ್ಲ, ಹಿಂದೆ ಮುಂದೆ ಎರಡೂ ಒಂದೇ ರೀತಿ ಕಾಣಬೇಕು. ಗಂಟಿಲ್ಲದೆ ದಾರವನ್ನು ಆರಂಭಿಸಿ ಗಂಟಿಲ್ಲದೆ ಮುಗಿಸುವ ಆ ಶಿಸ್ತು ರೇಷ್ಮೆಯ ಹೆಮ್ಮಿಂಗಿನಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ತೆಳು ರೇಷ್ಮೆಯ ಒಳಗೆ ಬಚ್ಚಿಟ್ಟ ಗಂಟು ಇಸ್ತ್ರಿಯಾದೊಡನೆ ಹೊರಗೆ ಮೊಡವೆಯಂತೆ ಎದ್ದು ನಿಲ್ಲುತ್ತದೆ.

ಹೆಮ್ಮಿಂಗ್ ಕಲಿಯಲು ಸೀರೆಯ ಫಾಲ್‌ಗಿಂತ ಒಳ್ಳೆಯ ಪಾಠವಿಲ್ಲ. ಸುಮಾರು ಐದು ಇಂಚು ಅಗಲ, ಎರಡೂಮುಕ್ಕಾಲು ಮೀಟರಿನಷ್ಟು ಉದ್ದ, ಪೂರ್ತಿ ನೇರ, ಎರಡು ಅಂಚು: ಒಂದೇ ಫಾಲ್‌ನಲ್ಲಿ ಐದೂವರೆ ಮೀಟರ್ ಹೊಲಿಗೆ ಕೈಗೆ ಸಿಗುತ್ತದೆ. ಫಾಲನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿ; ಹತ್ತಿಯ ಫಾಲು ಒಗೆತದಲ್ಲಿ ಕುಗ್ಗುತ್ತದೆ, ಸೀರೆ ಅಷ್ಟೇ ಕುಗ್ಗುವುದಿಲ್ಲ, ಅಂಚೆಲ್ಲ ಸುಕ್ಕಾಗುವುದು ಆ ವ್ಯತ್ಯಾಸದಿಂದ. ಕೆಳ ಅಂಚನ್ನು ಸೀರೆಯ ಅಂಚಿಗೆ ಸರಿಗಟ್ಟಿ ಸಣ್ಣ ಓಟದ ಹೊಲಿಗೆ ಹಾಕಿ. ಮೇಲಿನ ಅಂಚಿಗೆ ಹೆಮ್ಮಿಂಗ್.

ಈ ಹೆಮ್ಮಿಂಗಿನ ಒಂದೊಂದು ಹೊಲಿಗೆಯೂ ಹೇಗಿರಬೇಕೆಂದು ಹತ್ತಿರದಿಂದ ನೋಡೋಣ. ಮಡಿಕೆಯ ಅಂಚು ನಿಮ್ಮ ಎಡಗೈಯ ತೋರುಬೆರಳಿನ ಮೇಲೆ ಬಾಗಿ ಕುಳಿತಿರಲಿ, ಹೆಬ್ಬೆರಳು ಅದನ್ನು ಮೆಲ್ಲಗೆ ಒತ್ತಿ ಹಿಡಿದಿರಲಿ. ದಾರ ಮಡಿಕೆಯ ಒಳಗಿನಿಂದ ಹೊರಬರುತ್ತದೆ. ಅದು ಹೊರಬಂದ ಜಾಗದ ನೇರಕ್ಕೆ ಎದುರಿಗೇ, ಹೊರಬಟ್ಟೆಯ ಒಂದು ಅಥವಾ ಎರಡು ಎಳೆಯನ್ನಷ್ಟೇ ಸೂಜಿಯ ಮೊನೆ ಎತ್ತಿಕೊಳ್ಳಬೇಕು; ಮೊನೆ ಬಟ್ಟೆಯ ಆಚೆಗೆ ಇಣುಕಬಾರದು, ಕೆಳಗಿರುವ ಬೆರಳಿಗೆ ಅದು ತಾಗಿತೋ ಇಲ್ಲವೋ ಎಂಬಷ್ಟು ಮಾತ್ರ ತಿಳಿಯಬೇಕು. ಅಲ್ಲಿಂದ ಸೂಜಿ ಮತ್ತೆ ಮಡಿಕೆಯ ಒಳಹೊಕ್ಕು, ಮಡಿಕೆಯ ಸುರಂಗದಲ್ಲೇ ಅರ್ಧ ಸೆಂಟಿಮೀಟರಿನಷ್ಟು ಸಾಗಿ ಹೊರಬರುತ್ತದೆ. ಹೀಗಾಗಿ ದಾರದ ಹೆಚ್ಚಿನ ಭಾಗ ಮಡಿಕೆಯೊಳಗೇ ಅಡಗಿರುತ್ತದೆ. ದಾರವನ್ನು ಎಳೆಯುವಾಗ ಅದು ಬಟ್ಟೆಯ ಮೇಲೆ ಒರಗಿದರೆ ಸಾಕು, ಬಿಗಿಯಬಾರದು. ಬಿಗಿದರೆ ಪ್ರತಿ ಹೊಲಿಗೆಯ ಜಾಗದಲ್ಲಿಯೂ ಹೊರಮುಖದಲ್ಲಿ ಒಂದು ಕುಳಿ ಬೀಳುತ್ತದೆ. ಹೊಸಬರ ಹೆಮ್ಮಿಂಗನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಕಾಣುವ ಕುಳಿಗಳ ಸಾಲು ಇದೇ. ಮೂರು ನಾಲ್ಕು ಇಂಚಿಗೊಮ್ಮೆ ಮಡಿಕೆಯ ಮೇಲೆಯೇ ಒಂದು ಸಣ್ಣ ಬ್ಯಾಕ್ ಸ್ಟಿಚ್ ಹಾಕಿ, ಮುಂದೆ ಕಾಲುಂಗುರಕ್ಕೆ ಸಿಕ್ಕಿ ಒಂದೆಡೆ ದಾರ ಹರಿದರೂ ಇಡೀ ಅಂಚು ಬಿಚ್ಚಿಕೊಳ್ಳುವುದಿಲ್ಲ.

ಅಂಚನ್ನು ಮಡಿಸಲು ಇಸ್ತ್ರಿಯಿಂದ ಅಂಟುವ ಟೇಪುಗಳು ಅಂಗಡಿಗಳಲ್ಲಿ ಸಿಗುತ್ತವೆ. ಶಾಲೆಯ ಪ್ಯಾಂಟಿಗೆ ಬಳಸಿ, ಆಕ್ಷೇಪವಿಲ್ಲ. ಒಳ್ಳೆಯ ಬಟ್ಟೆಗೆ ಬೇಡ. ಅಂಟು ಇರುವಷ್ಟು ಅಗಲಕ್ಕೆ ಬಟ್ಟೆ ಬಿರುಸಾಗಿ, ಅದರ ಮೇಲಂಚು ಹೊರಗೆ ಗೆರೆಯಾಗಿ ಕಾಣುತ್ತದೆ.

ನಿಮ್ಮ ಅಜ್ಜಿಯ ಕುಲಾವಿಯ ಅಂಚನ್ನು ನಾನು ನೋಡಿಲ್ಲವಾದರೂ, ಹುಡುಕಿದರೂ ಹೊಲಿಗೆ ಕಾಣದು ಎಂದು ನೀವು ಬರೆದಿರುವುದರಿಂದ ಅದು ಸುರುಳಿ ಅಂಚು ಇರಬಹುದೆಂದು ಊಹಿಸುತ್ತೇನೆ. ಇದನ್ನು ಮಲ್ ಬಟ್ಟೆಯ ಕರವಸ್ತ್ರದ ಮೇಲೆ ಕಲಿಯಿರಿ. ಅಂಚನ್ನು ಎಳೆಯ ನೇರಕ್ಕೆ, ಒಳ್ಳೆಯ ಬೆಳಕಿನಲ್ಲಿ, ಒಂದು ಗೇಣಿನಷ್ಟು ಮಾತ್ರ ಕತ್ತರಿಸಿ. ಪೂರ್ತಿ ಕತ್ತರಿಸಿಟ್ಟರೆ ಹೊಲಿಗೆ ಅಲ್ಲಿಗೆ ತಲುಪುವಷ್ಟರಲ್ಲಿ ಎಳೆ ಬಿಚ್ಚಿಕೊಂಡಿರುತ್ತದೆ. ಹೆಬ್ಬೆರಳು ಮತ್ತು ತೋರುಬೆರಳನ್ನು ತುಸು ಒದ್ದೆ ಮಾಡಿಕೊಂಡು ಕತ್ತರಿಸಿದ ಅಂಚಿನ ಮೂರು ಮಿಲಿಮೀಟರನ್ನು ಬತ್ತಿ ಹೊಸೆದಂತೆ ಹೊಸೆಯಿರಿ. ಸುರುಳಿಯೊಳಗೆ ಒಮ್ಮೆ, ಸುರುಳಿಯ ಕೆಳಗಿನ ಬಟ್ಟೆಯಲ್ಲಿ ಒಂದೆಳೆ ಒಮ್ಮೆ, ಹೀಗೆ ಐದಾರು ಹೊಲಿಗೆಗಳನ್ನು ಸಡಿಲವಾಗಿಯೇ ಹಾಕುತ್ತ ಹೋಗಿ, ಆಮೇಲೆ ದಾರವನ್ನು ನಿಧಾನವಾಗಿ ಎಳೆದಾಗ ಅಂಚು ತಾನೇ ತಿರುಗಿ ಮುಚ್ಚಿಕೊಳ್ಳುತ್ತದೆ, ದಾರ ಒಳಗೆ ಮಾಯವಾಗುತ್ತದೆ. ಮೊದಲ ಕರವಸ್ತ್ರದ ನಾಲ್ಕು ಬದಿಗಳಲ್ಲಿ ಕೊನೆಯ ಬದಿ ಮಾತ್ರ ನೋಡುವಂತಿರುತ್ತದೆ. ಅದು ಎಲ್ಲರಿಗೂ ಹಾಗೆಯೇ.

ಇಷ್ಟಾದ ಮೇಲೆ ಮೊದಲ ಉಡುಪು ಯಾವುದಿರಲಿ ಎಂದರೆ ಹಸುಗೂಸಿನ ಜಬಲಾ ಎನ್ನುತ್ತೇನೆ. ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಯ ತುಂಡು ಸಾಕು, ಖರ್ಚಿಲ್ಲ. ನೆಂಟರಿಷ್ಟರಲ್ಲಿ ಯಾರ ಮನೆಯಲ್ಲಾದರೂ ಕೂಸು ಇದ್ದೇ ಇರುತ್ತದೆ. ಇದನ್ನು ಮಾತ್ರ ಪೂರ್ತಿ ಕೈಯಲ್ಲೇ ಹೊಲಿಯಿರಿ. ಭುಜ ಮತ್ತು ಪಕ್ಕಗಳಿಗೆ ಫ್ರೆಂಚ್ ಹೊಲಿಗೆ ಹಾಕಬೇಕು: ಬಟ್ಟೆಯ ಒಳಮುಖಗಳನ್ನು ಎದುರುಬದುರಾಗಿಟ್ಟು ಅಂಚಿನ ಸಮೀಪ ಮೊದಲು ಓಟದ ಹೊಲಿಗೆ, ಅಂಚನ್ನು ಮೂರು ಮಿಲಿಮೀಟರಿಗೆ ಕತ್ತರಿಸಿ, ತಿರುಗಿಸಿ ಇಸ್ತ್ರಿ ಮಾಡಿ, ಆ ಅಂಚು ಒಳಗೆ ಸಿಕ್ಕಿಕೊಳ್ಳುವಂತೆ ಎರಡನೆಯ ಹೊಲಿಗೆ. ಈ ಎರಡನೆಯದರಲ್ಲಿ ಮೂರು ನಾಲ್ಕು ಓಟದ ಹೊಲಿಗೆಗೊಂದು ಬ್ಯಾಕ್ ಸ್ಟಿಚ್ ಸೇರಿಸಿದರೆ ಬಲವೂ ಬರುತ್ತದೆ, ತುಸು ಹಿಗ್ಗೂ ಉಳಿಯುತ್ತದೆ. ಕುತ್ತಿಗೆಗೂ ತೋಳಿಗೂ ಸುರುಳಿ ಅಂಚು, ಗುಂಡಿಯ ಬದಲು ಕಟ್ಟುವ ದಾರ. ಮಗುವಿನ ಮೈಗೆ ಒರಟಾದದ್ದು ಎಲ್ಲಿಯೂ ತಾಗಬಾರದು ಎಂಬ ಒಂದೇ ನಿಯಮ ನಿಮ್ಮ ಕೈಯನ್ನು ತಿದ್ದುತ್ತದೆ. ನಾಲ್ಕೈದು ಒಗೆತದ ನಂತರ ಅದನ್ನು ಕೇಳಿ ತೆಗೆದುಕೊಂಡು ಒಳಗನ್ನು ಪರೀಕ್ಷಿಸಿ. ಎಲ್ಲಿ ಬಿಚ್ಚಿಕೊಂಡಿದೆಯೋ ಅಲ್ಲಿ ಹೊಲಿಗೆ ಉದ್ದವಾಗಿತ್ತು ಅಥವಾ ಕೊನೆಯನ್ನು ಸರಿಯಾಗಿ ಭದ್ರಪಡಿಸಿರಲಿಲ್ಲ, ಎಲ್ಲಿ ಬಟ್ಟೆ ಹರಿದಿದೆಯೋ ಅಲ್ಲಿ ಬಿಗಿ ಹೆಚ್ಚಾಗಿತ್ತು.

ಕಾಜಾ ಹೊಲಿಗೆಗೆ ತಾಳ್ಮೆ ಬೇಕು. ಗುಂಡಿಯ ಅಗಲಕ್ಕೆ ಅದರ ದಪ್ಪವನ್ನು ಸೇರಿಸಿದರೆ ಕಾಜಾದ ಉದ್ದ. ಗುರುತಿನ ಸುತ್ತ ಮೊದಲು ಸಣ್ಣ ಓಟದ ಹೊಲಿಗೆ, ನಂತರ ಕತ್ತರಿ, ನಂತರ ಎಳೆ ಕೀಳದಂತೆ ಸಡಿಲವಾಗಿ ಒಂದು ಸುತ್ತು, ಕೊನೆಗೆ ಕಾಜಾ ಹೊಲಿಗೆ. ಪ್ರತಿ ಹೊಲಿಗೆಯಲ್ಲಿ ದಾರವನ್ನು ಸೂಜಿಯ ಹಿಂದಿನಿಂದ ಸುತ್ತಿಸಿ ಮೇಲಕ್ಕೆ ಎಳೆದಾಗ ಕತ್ತರಿಸಿದ ಅಂಚಿನ ಮೇಲೆ ಒಂದು ಪುಟ್ಟ ಗಂಟು ಕೂರಬೇಕು. ಗಂಟುಗಳು ಒಂದಕ್ಕೊಂದು ತಾಗಿ ಸಾಲಾಗಿ ನಿಂತಾಗ ಗುಂಡಿ ಎಷ್ಟು ಸಲ ಉಜ್ಜಿದರೂ ಅಂಚು ಸವೆಯದು. ಇದನ್ನು ಕ್ಯಾನ್ವಾಸ್ ಹಾಕಿದ ಎರಡು ಪದರದ ಬಟ್ಟೆಯ ಮೇಲೆ, ಒಂದೇ ಸಾಲಿನಲ್ಲಿ ಇಪ್ಪತ್ತು ಕಾಜಾ ಮಾಡಿ ನೋಡುವವರೆಗೂ ಅಂಗಿಗೆ ಹಾಕಬೇಡಿ. ಬ್ಲೌಸಿನ ಹುಕ್ಕಿಗೂ ಇದೇ ಹೊಲಿಗೆ. ಸಾಮಾನ್ಯವಾಗಿ ಹುಕ್ಕಿನ ಎರಡು ಕಣ್ಣುಗಳಿಗೆ ದಾರ ಸುತ್ತಿ ಬಿಡುತ್ತಾರೆ. ನೀವು ಕಣ್ಣುಗಳ ಸುತ್ತ ಕಾಜಾ ಹೊಲಿಗೆ ಹಾಕಿ, ಹುಕ್ಕಿನ ಕೊರಳಿನ ಕೆಳಗೂ ಎರಡು ಹೊಲಿಗೆ ಹಾಕಿ ನಿಲ್ಲಿಸಿ. ಪಟ್ಟಿಯ ಅಂಚಿನಿಂದ ಮೂರು ಮಿಲಿಮೀಟರ್ ಒಳಗಿದ್ದರೆ ಮುಚ್ಚಿದಾಗ ಲೋಹ ಕಾಣುವುದಿಲ್ಲ. ಎದುರಿನ ಪಟ್ಟಿಯಲ್ಲಿ ಮೂರು ನಾಲ್ಕು ಎಳೆಯ ದಾರದ ಸೇತುವೆ ಕಟ್ಟಿ ಅದನ್ನೂ ಕಾಜಾ ಹೊಲಿಗೆಯಿಂದ ಮುಚ್ಚಿ.

ಕೊನೆಯ ಮೆಟ್ಟಿಲು ರೇಷ್ಮೆಯ ಬ್ಲೌಸು. ಇದಕ್ಕೆ ಬರುವ ಮುನ್ನ ಕೋರಾ ಬಟ್ಟೆಯಲ್ಲಿ ಒಂದು ಬ್ಲೌಸು ಹೊಲಿದು ತೊಟ್ಟು ನೋಡಿ, ಡಾಟ್‌ಗಳನ್ನೂ (ಮೈಯ ಆಕಾರಕ್ಕೆ ಹಿಡಿಯುವ ಮೊನೆಮಡಿಕೆಗಳು) ಕಂಕುಳನ್ನೂ ಮೈಮೇಲೆಯೇ ತಿದ್ದಿಕೊಳ್ಳಿ. ಅಳತೆ ಸರಿಯಾಗಿ ಕೂರುತ್ತದೆ ಎಂದು ನೀವು ಬರೆದಿದ್ದೀರಿ; ಆದರೂ ಅಳತೆ ಬ್ಲೌಸಿನಿಂದ ನಕಲು ಮಾಡಿದ್ದು ಬೇರೆ, ನಿಮ್ಮ ಭುಜದ ಇಳಿಜಾರಿಗೆ ಕತ್ತರಿಸಿದ್ದು ಬೇರೆ. ಕೈಹೊಲಿಗೆ ಎಷ್ಟೇ ನಯವಾಗಿದ್ದರೂ ಕೆಟ್ಟ ಫಿಟ್ಟಿಂಗನ್ನು ಮುಚ್ಚಲಾರದು.

ಬಟ್ಟೆಯ ಸ್ವಭಾವವನ್ನು ಮೊದಲೇ ಅರಿತಿರಬೇಕು. 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆಯ ಹೆಸರಿನಿಂದಲೇ ಪ್ರಸಿದ್ಧವಾದ ಮೈಸೂರು ರೇಷ್ಮೆ ಕ್ರೇಪ್ ಜಾತಿಯದು; ಅದರ ಎಳೆಗಳಿಗೆ ಹುರಿ ಹೆಚ್ಚಿರುವುದರಿಂದ ನೀರು ತಾಗಿದರೆ ಕುಗ್ಗುತ್ತದೆ, ಕೈಯಲ್ಲಿ ಹಿಡಿದರೆ ಜಾರುತ್ತದೆ. ಅದನ್ನು ನೆನೆಸಬೇಡಿ, ಮೇಲೆ ನೀರು ಚಿಮುಕಿಸಬೇಡಿ. ಗುಳೇದಗುಡ್ಡದ ಖಣ ಹಾಗಲ್ಲ. ಕೈಗೆ ಸ್ಥಿರವಾಗಿ ಕೂರುತ್ತದೆ, ಆದರೆ ಕತ್ತರಿಸಿದ ಕೂಡಲೇ ಅಂಚಿನ ಎಳೆ ಬಿಚ್ಚತೊಡಗುತ್ತದೆ, ಆದ್ದರಿಂದ ಕತ್ತರಿಸಿದ ದಿನವೇ ಅಂಚಿಗೆ ಸುತ್ತುಹೊಲಿಗೆ ಹಾಕಿಡಬೇಕು. ಲೈನಿಂಗಿನ ಹತ್ತಿ ಬಟ್ಟೆಯನ್ನು ಮಾತ್ರ ಒಂದು ರಾತ್ರಿ ನೆನೆಸಿ ಒಣಗಿಸಿಯೇ ಬಳಸಿ. ಯಾವುದೇ ಬಟ್ಟೆಯಾಗಲಿ, ಹಾಸು ಎಳೆ (ನೇಯ್ಗೆಯಲ್ಲಿ ಉದ್ದಕ್ಕೆ ಓಡುವ ಎಳೆ) ಲಂಬವಾಗಿ ನಿಲ್ಲುವಂತೆ ಹಾಸಿಕೊಂಡು ಕತ್ತರಿಸಬೇಕು. ಎರಡು ತೋಳುಗಳಲ್ಲಿ ಒಂದರ ಎಳೆ ಓರೆಯಾಗಿದ್ದರೂ ಅದು ತಿರುಚಿ ಕೂರುತ್ತದೆ.

ರೇಷ್ಮೆಯ ಮೇಲೆ ಸೀಮೆಸುಣ್ಣದ ಗುರುತು ಹಾಕುವ ಬದಲು ಬಿಳಿ ಹತ್ತಿ ದಾರದ ಉದ್ದನೆಯ ಕಚ್ಚಾ ಹೊಲಿಗೆಯಿಂದ, ಅಂದರೆ ಆಮೇಲೆ ಬಿಚ್ಚಿ ತೆಗೆಯುವ ತಾತ್ಕಾಲಿಕ ಹೊಲಿಗೆಯಿಂದ, ಗುರುತು ಮಾಡಿ. ಗುಂಡುಸೂಜಿಗಳು ಮಾರ್ಜಿನ್ನಿನೊಳಗೇ ಇರಲಿ. ರೇಷ್ಮೆಯ ತುಂಡು ಮತ್ತು ಲೈನಿಂಗನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ, ಎರಡನ್ನೂ ಸುತ್ತಲೂ ಕಚ್ಚಾ ಹೊಲಿಗೆಯಿಂದ ಒಂದು ಮಾಡಿದ ಮೇಲೆಯೇ ಯಂತ್ರಕ್ಕೆ ಒಯ್ಯಿರಿ. ಬಹಳ ಮಂದಿ ಈ ಹಂತವನ್ನು ಸಮಯ ದಂಡವೆಂದು ಬಿಡುತ್ತಾರೆ. ಎದೆಯ ಮೇಲೆ ರೇಷ್ಮೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಎಳೆದುಕೊಂಡಿರುವ ಬ್ಲೌಸುಗಳೆಲ್ಲ ಈ ಅರ್ಧ ಗಂಟೆಯನ್ನು ಉಳಿಸಿದವರವು.

ತೋಳನ್ನು ಕೂರಿಸುವಲ್ಲಿಯೂ ಕಚ್ಚಾ ಹೊಲಿಗೆಯೇ ಗೆಲ್ಲಿಸುವುದು. ತೋಳಿನ ಮೇಲಿನ ಕಮಾನು ಕಂಕುಳಿನ ಸುತ್ತಳತೆಗಿಂತ ಸುಮಾರು ಅರ್ಧದಿಂದ ಒಂದು ಇಂಚು ಹೆಚ್ಚಿರುತ್ತದೆ. ಈ ಹೆಚ್ಚುವರಿಯನ್ನು ಯಂತ್ರದ ಪಾದದಡಿ ತಳ್ಳಿ ಹೊಂದಿಸಲು ಹೋದರೆ ಒಂದೆಡೆ ಗುಂಪಾಗಿ ಸುಕ್ಕು ಬೀಳುತ್ತದೆ. ಅದರ ಬದಲು ಕಮಾನಿನ ಅಂಚಿಗೆ ಎರಡು ಸಾಲು ಸಣ್ಣ ಓಟದ ಹೊಲಿಗೆ ಹಾಕಿ, ದಾರವನ್ನು ಎಳೆದು ಹೆಚ್ಚುವರಿಯನ್ನು ಸಮನಾಗಿ ಹಂಚಿ, ಸುತ್ತಿದ ಟವೆಲಿನ ಮೇಲಿಟ್ಟು ಇಸ್ತ್ರಿಯ ಬಿಸಿಯಿಂದ ಆ ಸಣ್ಣ ನಿರಿಗೆಗಳನ್ನು ಬಟ್ಟೆಯೊಳಗೇ ಇಳಿಸಿ, ಕಂಕುಳಿಗೆ ಕಚ್ಚಾ ಹೊಲಿದು, ತೊಟ್ಟು ಕೈ ಎತ್ತಿ ನೋಡಿ. ಸರಿಯಿದ್ದರೆ ಆಮೇಲೆ ಯಂತ್ರ. ಕುತ್ತಿಗೆಯ ಪೈಪಿಂಗನ್ನು ಹೊರಗೆ ಯಂತ್ರದಲ್ಲಿ ಹಾಕಿ ಒಳಗೆ ಮಡಿಸಿ ಲೈನಿಂಗಿಗೆ ಮಾತ್ರ ಹೆಮ್ಮಿಂಗ್ ಮಾಡಿ, ರೇಷ್ಮೆಯ ಎಳೆಯನ್ನು ಮುಟ್ಟಲೇಬೇಡಿ. ತೋಳಿನ ಜರಿ ಅಂಚನ್ನು ನೇಯ್ದ ಗೆರೆಯ ಮೇಲೆಯೇ ಮಡಿಸಬೇಕು. ಅರ್ಧ ಎಳೆ ತಪ್ಪಿದರೂ ಜರಿ ಅದನ್ನು ಬಯಲು ಮಾಡುತ್ತದೆ. ಪಕ್ಕಗಳಲ್ಲಿ ಒಂದು ಇಂಚು ಮಾರ್ಜಿನ್ ಬಿಟ್ಟು ಅಂಚುಗಳಿಗೆ ಕೈಯಿಂದ ಸುತ್ತುಹೊಲಿಗೆ ಹಾಕಿ. ಮುಂದೆ ಬಿಡಿಸಿ ದೊಡ್ಡದು ಮಾಡಿಕೊಳ್ಳುವ ನಮ್ಮ ಪದ್ಧತಿ ವಿವೇಕದ್ದು, ಅದನ್ನು ಬಿಡಬೇಡಿ.

ಇಸ್ತ್ರಿಯ ಬಗ್ಗೆ ಇಷ್ಟು ಹೇಳಲೇಬೇಕು. ಒಂದು ಹೊಲಿಗೆಯನ್ನು ಇನ್ನೊಂದು ದಾಟುವ ಮುನ್ನ ಮೊದಲಿನದಕ್ಕೆ ಇಸ್ತ್ರಿ ಆಗಿರಬೇಕು. ಮೊದಲು ಹೊಲಿದ ಹಾಗೆಯೇ ಒತ್ತಿ, ನಂತರ ಮಾರ್ಜಿನ್ನನ್ನು ಬಿಡಿಸಿ ಒತ್ತಿ. ಪೆಟ್ಟಿಗೆಯನ್ನು ಉಜ್ಜಬೇಡಿ, ಎತ್ತಿ ಇಡಿ, ಎತ್ತಿ ಇಡಿ. ಉಜ್ಜಿದರೆ ಓರೆ ಅಂಚುಗಳು ಹಿಗ್ಗಿ ಆಕಾರ ಕೆಡುತ್ತದೆ. ರೇಷ್ಮೆ ಮತ್ತು ಜರಿಯ ಮೇಲೆ ತೆಳುವಾದ ಒಣ ಹತ್ತಿ ಬಟ್ಟೆ ಹಾಸಿ, ಒಳಮುಖದಿಂದ, ಕಡಿಮೆ ಶಾಖದಲ್ಲಿ. ಓರೆಯಾಗಿ ಕತ್ತರಿಸಿದ ಲಂಗ ಅಥವಾ ಫ್ರಾಕಿನ ಕೆಳ ಅಂಚನ್ನು ಮಡಿಸುವ ಮುನ್ನ ಅದನ್ನು ಒಂದು ರಾತ್ರಿ ಹ್ಯಾಂಗರಿಗೆ ತೂಗುಹಾಕಿ. ತನ್ನ ಭಾರಕ್ಕೆ ತಾನೇ ಜೋತು ಬೀಳುವುದೆಲ್ಲ ಬಿದ್ದ ಮೇಲೆ ನೆಲದಿಂದ ಅಳೆದು ಅಂಚನ್ನು ಸಮ ಮಾಡಿ.

ವಯಸ್ಸು ಮತ್ತು ಕನ್ನಡಕದ ವಿಷಯ. ಬೆರಳಿಗೆ ನಲವತ್ತನಾಲ್ಕು ವಯಸ್ಸೇ ಅಲ್ಲ. ಯಂತ್ರದ ಅಭ್ಯಾಸದಿಂದ ಬಟ್ಟೆಯ ಸ್ವಭಾವ ನಿಮಗೆ ಆಗಲೇ ಗೊತ್ತಿದೆ, ಹೊಸಬರಿಗೆ ಅದೇ ಇರುವುದಿಲ್ಲ. ಕಣ್ಣಿನ ಪರೀಕ್ಷೆಗೆ ಹೋದಾಗ ಓದುವ ದೂರವನ್ನಷ್ಟೇ ಹೇಳದೆ ಹೊಲಿಗೆಗೆ ಬಟ್ಟೆಯನ್ನು ಎಷ್ಟು ದೂರದಲ್ಲಿ ಹಿಡಿಯುತ್ತೀರೆಂದು ತೋರಿಸಿ ನಂಬರು ಕೇಳಿ. ನೀವು ಬಲಗೈಯವರಾದರೆ ಕಿಟಕಿ ಎಡಕ್ಕಿರಲಿ, ಇಲ್ಲದಿದ್ದರೆ ನಿಮ್ಮ ಕೈಯ ನೆರಳೇ ಹೊಲಿಗೆಯ ಮೇಲೆ ಬೀಳುತ್ತದೆ. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರದ ಕೆಲಸವನ್ನು ರಾತ್ರಿಗೆ ಇಟ್ಟುಕೊಳ್ಳಬೇಡಿ. ದಿನಕ್ಕೆ ಅರ್ಧ ಗಂಟೆ ಕುಳಿತರೆ ವಾರಕ್ಕೊಮ್ಮೆ ಇಡೀ ಮಧ್ಯಾಹ್ನ ಕುಳಿತದ್ದಕ್ಕಿಂತ ಬೇಗ ಕೈ ಪಳಗುತ್ತದೆ. ಕತ್ತು ನೋಯತೊಡಗಿದ ಮೇಲೆ ಹಾಕಿದ ಹೊಲಿಗೆಯನ್ನು ಹೇಗೂ ಮರುದಿನ ಬಿಚ್ಚಬೇಕಾಗುತ್ತದೆ.

ಎದುರಿಗೆ ಕುಳಿತು ಹೇಳಿಕೊಡುವವರು ಬೇಕೆನಿಸಿದರೆ ದುಬಾರಿ ಫ್ಯಾಷನ್ ಕೋರ್ಸುಗಳನ್ನು ಹುಡುಕುವ ಮೊದಲು ನಿಮ್ಮ ಊರಿನ ಲೇಡೀಸ್ ಟೈಲರ್ ಅಂಗಡಿಯಲ್ಲಿ ವಿಚಾರಿಸಿ. ಹೆಚ್ಚಿನ ಅಂಗಡಿಗಳು ಹೆಮ್ಮಿಂಗ್, ಹುಕ್ಕು, ಫಾಲ್, ಕುಚ್ಚಿನ ಕೆಲಸವನ್ನು ಹತ್ತಿರದ ಮನೆಗಳ ಹೆಣ್ಣುಮಕ್ಕಳಿಗೆ ಕೊಡುತ್ತವೆ. ವರ್ಷಗಟ್ಟಲೆ ದಿನಕ್ಕೆ ಹಲವಾರು ಬ್ಲೌಸುಗಳ ಅಂಚು ಹೊಲಿದ ಅವರ ಕೈಯಲ್ಲಿರುವ ವೇಗವೂ ಸಮತೆಯೂ ಯಾವ ತರಗತಿಯಲ್ಲಿಯೂ ಸಿಗುವುದಿಲ್ಲ. ಅವರು ಅಂಗಡಿಗಾಗಿ ಹಾಕುವ ಹೊಲಿ­ಗೆ ಉದ್ದವಾಗಿರಬಹುದು, ಕೊಡುವ ಕೂಲಿಗೆ ಅಷ್ಟೇ ಸಾಧ್ಯ. ನಿಧಾನವಾಗಿ, ಚಿಕ್ಕದಾಗಿ ಹಾಕಿ ತೋರಿಸಿ ಎಂದು ಕೇಳಿಕೊಂಡರೆ ಅದನ್ನೂ ತೋರಿಸಬಲ್ಲರು. ಪಕ್ಕದಲ್ಲಿ ಕುಳಿತು ಅವರ ಎಡಗೈಯನ್ನು ಗಮನಿಸಿ: ಬಟ್ಟೆಯನ್ನು ಯಾವ ಬೆರಳಿನ ಮೇಲೆ ಬಾಗಿಸುತ್ತಾರೆ, ಎಲ್ಲಿ ಒತ್ತುತ್ತಾರೆ, ಯಾವಾಗ ಜರುಗಿಸುತ್ತಾರೆ ಎಂಬುದನ್ನು ವೀಡಿಯೊಗಳಲ್ಲಿ ಯಾರೂ ತೋರಿಸುವುದಿಲ್ಲ. ಅವರಿಗೆ ಅದು ತುಂಡಿನ ಲೆಕ್ಕದ ಕೆಲಸ. ಆದ್ದರಿಂದ ನಿಮ್ಮೊಡನೆ ಕಳೆಯುವ ಒಂದು ಗಂಟೆಯಲ್ಲಿ ಅವರು ಎಷ್ಟು ಬ್ಲೌಸು ಮುಗಿಸುತ್ತಿದ್ದರೋ ಅಷ್ಟರ ಕೂಲಿಯನ್ನಾದರೂ ಮೊದಲೇ ಮಾತಾಡಿಕೊಂಡು ಕೊಡಿ.